ಸರದಿಯ ಕಟ್ಟಕಡೆಯಲ್ಲಿ ಸಣ್ಣ ಷೇರುದಾರ

ಹರಿಹರದ ಮೈಸೂರು ಕಿರ್ಲೋಸ್ಕರ್ ಬಾಗಿಲು ಮುಚ್ಚಿದ್ದನ್ನು ಕಂಡ ದಾವಣಗೆರೆ ಕಡೆಯವರಿಗೆ ನಂಬಿದ ಕಂಪನಿ ಕುಸಿಯುವ ನೋವು ಗೊತ್ತು. ಔಷಧ ಉದ್ಯಮದಲ್ಲೂ ಅದೇ ಕತೆ. ಸಾಲ ತೀರಿಸಲಾಗದೆ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟ ಚೆನ್ನೈನ ಆರ್ಕಿಡ್ ಫಾರ್ಮಾ 2020ರಲ್ಲಿ ಧನುಕಾ ಲ್ಯಾಬೊರೇಟರೀಸ್ ಕೈಸೇರಿತು. ಶೇ 98ರಷ್ಟು ಷೇರು ಹೊಸ ಒಡೆಯರದಾಯಿತು; ಹಳೆಯ ಸಾರ್ವಜನಿಕ ಷೇರುದಾರರಿಗೆ ಉಳಿದದ್ದು ಶೇ 1ಕ್ಕಿಂತ ಕಡಿಮೆ. ಕಾರ್ಖಾನೆ ಉಳಿಯಿತು, ಸಂತೋಷ. ನಿವೃತ್ತಿಯ ಹಣ ಹಾಕಿದವರ ಗತಿ? ಆಸ್ತಿ ಮಾರಿ ಹಂಚುವ ಹೊತ್ತು ಬಂದರೂ 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಷೇರುದಾರರನ್ನು ಕಟ್ಟಕಡೆಗೆ ನಿಲ್ಲಿಸುತ್ತದೆ. ಸಾಲ ಕೊಟ್ಟವರಿಗೆ ಮೊದಲ ಹಕ್ಕು, ಅದು ನ್ಯಾಯವೇ. ಆದರೆ ಕಂಪನಿಯ ಭವಿಷ್ಯ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಸಣ್ಣ ಷೇರುದಾರರ ಒಬ್ಬ ಪ್ರತಿನಿಧಿಗೂ ಜಾಗವಿಲ್ಲ. ಮತ ಬೇಡ, ವೀಕ್ಷಕರ ಸ್ಥಾನವನ್ನಾದರೂ ಸಂಸತ್ತು ಕೊಡಲಿ.