ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳೋದು ಬಿಡಿ

"55 ಇಂಚಿನ ಟಿವಿ ತಗೋಬೇಕು, ಯಾವ ಬ್ರ್ಯಾಂಡ್ ಒಳ್ಳೇದು?" ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬೀಳುತ್ತೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲಂತೂ ಇನ್ನೂ ಜಾಸ್ತಿ. ಕೇಳಿದ ಐದು ನಿಮಿಷದಲ್ಲಿ ಹತ್ತು ಉತ್ತರ. ಒಬ್ಬ ಸೋನಿ ಬಿಟ್ಟು ಬೇರೆ ಇಲ್ಲ ಅಂತಾನೆ, ಇನ್ನೊಬ್ಬ ಅದೇ ದುಡ್ಡಿಗೆ ಚೀನಾದ್ದು ಹತ್ತು ಇಂಚು ದೊಡ್ಡದು ಬರುತ್ತೆ ಅಂತ ಲಿಂಕ್ ಹಾಕ್ತಾನೆ, ಮೂರನೆಯವನು ಯೂಟ್ಯೂಬ್ ವಿಡಿಯೋ ತೂರಿ ಮಾಯ. ಆ ಉತ್ತರಗಳ ಬಗ್ಗೆ ನನ್ನ ತಕರಾರಿಲ್ಲ. ಪ್ರಶ್ನೆಯೇ ಹಳಸಿಹೋಗಿದೆ ಅನ್ನೋದು ನನ್ನ ವಾದ.

ನಮ್ಮ ಅಪ್ಪಂದಿರ ಕಾಲದಲ್ಲಿ ಆ ಪ್ರಶ್ನೆಗೆ ಅರ್ಥ ಇತ್ತು. ಬಿಪಿಎಲ್ ಅಂದ್ರೆ ಒಂದು ಕಂಪನಿ. ಟಿ.ಪಿ.ಜಿ. ನಂಬಿಯಾರ್ ಕಟ್ಟಿದ್ದು, 1963ರಲ್ಲಿ ಪಾಲಕ್ಕಾಡಿನಲ್ಲಿ ಶುರುವಾಗಿ ಬೆಂಗಳೂರಿಗೆ ಬಂದು ಬೇರುಬಿಟ್ಟಿದ್ದು. ತೊಂಬತ್ತರ ದಶಕದಲ್ಲಿ ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳ ಶೋಕೇಸಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಡಬ್ಬ ಅದು. ಹೆಸರೂ ಅವರದ್ದೇ, ಕಾರ್ಖಾನೆಯೂ ಅವರದ್ದೇ, ಕೆಟ್ಟರೆ ಬೈಸಿಕೊಳ್ಳುವವರೂ ಅವರೇ. ಇವತ್ತು ಬಿಪಿಎಲ್ ಅನ್ನೋ ಹೆಸರನ್ನ ಟಿವಿ ಮೇಲೆ ಅಂಟಿಸುವ ಲೈಸೆನ್ಸ್ ರಿಲಯನ್ಸ್ ರೀಟೇಲ್ ಕೈಯಲ್ಲಿದೆ. ಅಪ್ಪ ಅಂಗಡಿಯಲ್ಲಿ ಆ ಹೆಸರು ನೋಡಿ "ಇದು ಗಟ್ಟಿ ಮಾಲು ಕಣೋ" ಅಂದರೆ, ಅವರು ಹೊಗಳುತ್ತಿರುವುದು ತಮ್ಮ ನೆನಪನ್ನ.

ಇದು ಒಂದು ಹೆಸರಿನ ಕಥೆಯಲ್ಲ. ನಮ್ಮ ದೇಶದಲ್ಲಿ ಕೊಡಾಕ್, ಥಾಮ್ಸನ್, ಬ್ಲೌಪಂಕ್ಟ್ ಮೂರೂ ಟಿವಿಗಳನ್ನ ತಂದದ್ದು ನೋಯ್ಡಾದ ಒಂದೇ ಕಂಪನಿ, ಸೂಪರ್ ಪ್ಲಾಸ್ಟ್ರಾನಿಕ್ಸ್. ಅಮೆರಿಕ, ಫ್ರಾನ್ಸ್, ಜರ್ಮನಿ ಅಂತ ನೀವು ಮೂರು ದೇಶ ಹೋಲಿಸುತ್ತಾ ಕೂತಿರುತ್ತೀರಿ. 2019ರ ಕೊನೆಯಲ್ಲಿ ನೋಕಿಯಾ ಟಿವಿ ಅಂತ ಬಂತಲ್ಲ, ಅದನ್ನ ತಂದದ್ದು ಫ್ಲಿಪ್‌ಕಾರ್ಟ್. ತೋಶಿಬಾ ಟಿವಿ ವ್ಯವಹಾರ 2018ರಲ್ಲೇ ಹೈಸೆನ್ಸ್ ಪಾಲಾಯಿತು. ಫಿಲಿಪ್ಸ್ ಹೆಸರಿನ ಟಿವಿ ಮಾಡೋದು ಟಿಪಿವಿ ಅನ್ನೋ ಕಂಪನಿ. ಕೊನೆಗೆ 2026ರ ಜನವರಿಯಲ್ಲಿ ಸೋನಿಯೇ ತನ್ನ ಟಿವಿ ವ್ಯವಹಾರವನ್ನ ಟಿಸಿಎಲ್ ಜೊತೆಗಿನ ಜಂಟಿ ಕಂಪನಿಗೆ ಒಪ್ಪಿಸುವ ಯೋಜನೆ ಪ್ರಕಟಿಸಿತು. ಅದರಲ್ಲಿ ಟಿಸಿಎಲ್ ಪಾಲು ಶೇ. 51, ಸೋನಿಯದು 49. ವಾಟ್ಸಾಪ್ ಗುಂಪಿನ ಸೋನಿ ಭಕ್ತರೂ, ಟಿಸಿಎಲ್ ನೋಡಿ ಮೂಗು ಮುರಿಯುವವರೂ ಇನ್ನು ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು.

ಹೋಗಲಿ, ಒಳಗಿನ ಪ್ಯಾನೆಲ್ಲಾದರೂ ಅವರವರದ್ದಾ? ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ಮಾಡುವುದನ್ನೇ ನಿಲ್ಲಿಸಿತು. ಎಲ್‌ಜಿ ಡಿಸ್‌ಪ್ಲೇ ಗುವಾಂಗ್‌ಝೌನ ತನ್ನ ಎಲ್‌ಸಿಡಿ ಕಾರ್ಖಾನೆಯನ್ನ ಟಿಸಿಎಲ್ ಬಳಗದ ಸಿಎಸ್‌ಒಟಿಗೆ ಮಾರಿತು. ಈಗ ಜಗತ್ತಿನ ಬಹುಪಾಲು ಎಲ್‌ಸಿಡಿ ಟಿವಿ ಪ್ಯಾನೆಲ್ ಬರೋದು ಬಿಒಇ, ಸಿಎಸ್‌ಒಟಿ, ಎಚ್‌ಕೆಸಿಯಂಥ ಚೀನಾ ಕಂಪನಿಗಳಿಂದ. ಒಂದೇ ಮಾಡೆಲ್ ನಂಬರಿನ ಎರಡು ಡಬ್ಬದಲ್ಲಿ ಎರಡು ಕಾರ್ಖಾನೆಯ ಪ್ಯಾನೆಲ್ ಇರೋದೂ ಉಂಟು. ರಿವ್ಯೂ ಮಾಡಿದವನಿಗೆ ಸಿಕ್ಕಿದ್ದೇ ನಿಮಗೂ ಸಿಗಬೇಕು ಅಂತ ರೂಲ್ ಏನಿಲ್ಲ.

ಬ್ರ್ಯಾಂಡಿನ ಹುಚ್ಚು ಇಳಿದವರಿಗೆ ಹತ್ತೋದು ಅಕ್ಷರಗಳ ಹುಚ್ಚು. ಡಾ. ರಾಜ್‌ಕುಮಾರ್ ರಸ್ತೆಯ ಯಾವುದಾದರೂ ಶೋರೂಮಿಗೆ ಭಾನುವಾರ ಸಂಜೆ ಹೋಗಿ ನಿಂತುಕೊಳ್ಳಿ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಅಂತ ಸೇಲ್ಸ್ ಹುಡುಗ ಸಹಸ್ರನಾಮ ಶುರು ಮಾಡ್ತಾನೆ. ವಿಷಯ ಅಷ್ಟು ಕಷ್ಟದ್ದಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಗೂ ತನ್ನದೇ ಬೆಳಕು. ಆರಿದರೆ ನಿಜವಾದ ಕಪ್ಪು. ಉಳಿದ ಮೂರೂ ಎಲ್‌ಸಿಡಿಗಳೇ, ಹಿಂದಿನಿಂದ ಬಲ್ಬ್ ಉರಿಯಬೇಕು. ಕ್ಯೂಎಲ್‌ಇಡಿ ಅಂದ್ರೆ ಆ ಎಲ್‌ಸಿಡಿಗೆ ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಹಾಳೆ ಸೇರಿಸಿದ್ದು. ಮಿನಿ ಎಲ್‌ಇಡಿ ಅಂದ್ರೆ ಹಿಂದಿನ ಬಲ್ಬುಗಳನ್ನ ಸಣ್ಣದು ಮಾಡಿ, ಜಾಸ್ತಿ ಮಾಡಿ, ಬೇಕಾದ ಕಡೆ ಮಾತ್ರ ಮಂದ ಮಾಡುವ ಹಾಗೆ ಗುಂಪು ಕಟ್ಟಿದ್ದು. ಓ ಮತ್ತು ಕ್ಯೂ ನಡುವಿನ ವ್ಯತ್ಯಾಸ ಒಂದು ಬಾಲದ್ದು ಅಂತ ಅಂದುಕೊಂಡವರು ಮನೆಗೆ ಬೇರೆಯೇ ಟಿವಿ ಹೊತ್ತುಕೊಂಡು ಹೋಗಿರುತ್ತಾರೆ.

"ಓಎಲ್‌ಇಡಿಯೇ ಬೆಸ್ಟ್ ಅಲ್ವಾ?" ಸಿನಿಮಾಕ್ಕೆ, ಕತ್ತಲೆ ಕೋಣೆಗೆ, ಹೌದು. ಆದರೆ ನಿಮ್ಮ ಮನೆಯಲ್ಲಿ ಅಪ್ಪ ಬೆಳಗ್ಗೆ ಕಾಫಿಯಿಂದ ರಾತ್ರಿ ಮಾತ್ರೆಯವರೆಗೆ ನ್ಯೂಸ್ ಚಾನೆಲ್ ಹಾಕಿಕೊಂಡು ಕೂರುತ್ತಾರಾ? ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಮೇಲೆ ಇನ್ನೊಂದು ಬ್ರೇಕಿಂಗ್ ನ್ಯೂಸ್ ಪಟ್ಟಿ. ಕದಲದ ಚಿತ್ರ ದಿನಗಟ್ಟಲೆ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಓಎಲ್‌ಇಡಿಯಲ್ಲಿ ಅದರ ನೆರಳು ಉಳಿದುಬಿಡಬಹುದು. ಅಂಥ ಮನೆಗೆ ಎಲ್‌ಸಿಡಿಯೇ ಸರಿ. ಇದನ್ನ ಹೇಳುವ ಸೇಲ್ಸ್‌ಮನ್ ನನಗಿನ್ನೂ ಸಿಕ್ಕಿಲ್ಲ.

ಆ ಶೋರೂಮಿನ ಪರದೆಯಲ್ಲಿ ಓಡುವ ಗಿಳಿ, ಜೇನು, ಐಸ್‌ಲ್ಯಾಂಡಿನ ಜಲಪಾತ ನಿಮ್ಮ ಮನೆಗೆ ಬರಲ್ಲ. ಬರೋದು ಧಾರಾವಾಹಿ. ಅದೂ ಎಷ್ಟೋ ಮನೆಗಳಲ್ಲಿ ಕೇಬಲ್ಲಿನ ಎಸ್‌ಡಿ ಚಾನೆಲ್. ಲೆಕ್ಕ ಹಾಕಿ: ಎಸ್‌ಡಿ ಚಿತ್ರದಲ್ಲಿರೋದು 720 ಗುಣಿಸು 576, ಸುಮಾರು ನಾಲ್ಕು ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದ್ರೆ ಪರದೆಯ ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತನ್ನ ಟಿವಿಯೇ ಊಹಿಸಿ ತುಂಬಬೇಕು. ಆ ಊಹೆ ಮಾಡೋ ಚಿಪ್ ಸುಮಾರಾಗಿದ್ದರೆ ಪರದೆ ದೊಡ್ಡದಾದಷ್ಟೂ ನಾಯಕಿಯ ಮುಖ ಮೇಣದ ಬೊಂಬೆ. "ಸೆಟ್‌ಟಾಪ್ ಬಾಕ್ಸ್ ಹಾಕಿ ಒಂದು ಕನ್ನಡ ಚಾನೆಲ್ ತೋರಿಸಿ" ಅಂತ ಅಂಗಡಿಯಲ್ಲಿ ಕೇಳಿ. ನಾಚಿಕೆ ಯಾಕೆ, ದುಡ್ಡು ನಮ್ಮದು.

ಇನ್ನೂ ಒಳ್ಳೆ ಟೆಕ್ನಾಲಜಿ ಬರ್ತಿದೆ, ಕಾಯೋಣ ಅನ್ನೋರಿದ್ದಾರೆ. 2010ರಲ್ಲಿ ತ್ರೀಡಿ ಟಿವಿಯೇ ಭವಿಷ್ಯ ಅಂದರು. 2017ಕ್ಕೆ ದೊಡ್ಡ ಕಂಪನಿಗಳೆಲ್ಲ ಕೈಬಿಟ್ಟವು, ಕನ್ನಡಕ ಡ್ರಾಯರ್ ಸೇರಿತು. ಆಮೇಲೆ ಬಾಗಿದ ಪರದೆ, ಆಮೇಲೆ 8ಕೆ. 2023ರಲ್ಲಿ ಸ್ಯಾಮ್‌ಸಂಗ್ 110 ಇಂಚಿನ ಮೈಕ್ರೋ ಎಲ್‌ಇಡಿಯನ್ನ ಭಾರತಕ್ಕೆ ತಂದಾಗ ಬೆಲೆ ಒಂದು ಕೋಟಿ 15 ಲಕ್ಷದ ಹತ್ತಿರ. ಕೆಂಗೇರಿ ಆಚೆ ಸೈಟ್ ಹುಡುಕುತ್ತಾ ಓಡಾಡುತ್ತಿರುವವರು ಈ ಸಾಲನ್ನ ಇನ್ನೊಂದು ಸಲ ಓದಬಹುದು.

ಅಸಲು ವಿಷಯಕ್ಕೆ ಬರ್ತೀನಿ. ಟಿವಿ ಕೆಡೋದು ಹೇಗೆ?

ಬಸವೇಶ್ವರನಗರದಲ್ಲಿ ನಮ್ಮ ಮೇಲಿನ ಮನೆಯವರ 55 ಇಂಚಿನ ಟಿವಿ ಮೂರೂವರೆ ವರ್ಷಕ್ಕೆ ಕಪ್ಪಾಯಿತು. ಶಬ್ದ ಬರ್ತಿದೆ, ಚಿತ್ರ ಇಲ್ಲ. ಕಂಪನಿಯ ಹುಡುಗ ಬಂದ, ಎರಡು ನಿಮಿಷ ನೋಡಿದ, "ಪ್ಯಾನೆಲ್ ಹೋಗಿದೆ ಸಾರ್" ಅಂದ. ಪ್ಯಾನೆಲ್ ಬದಲಾಯಿಸೋ ಖರ್ಚು ಹೊಸ ಟಿವಿಯ ಮುಕ್ಕಾಲು ಪಾಲು. ಹಳೇದು ಕೊಟ್ಟು ಹೊಸದು ತಗೊಳ್ಳಿ ಅಂತ ಉಪದೇಶ ಬೇರೆ. ನಾವು ರಾತ್ರಿ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನ ಪರದೆಗೆ ಹತ್ತಿರ ಓರೆಯಾಗಿ ಹಿಡಿದೆವು. ಚಿತ್ರ ಮಸುಕಾಗಿ ಕಾಣಿಸಿತು. ಪ್ಯಾನೆಲ್ ಜೀವಂತ. ಸತ್ತಿದ್ದು ಹಿಂದಿನ ಬಲ್ಬ್ ಪಟ್ಟಿ. ವಿಜಯನಗರದ ಒಂದು ಪುಟ್ಟ ರಿಪೇರಿ ಅಂಗಡಿಯವರು ಮೂರು ದಿನ ಇಟ್ಟುಕೊಂಡು, ಎಸ್‌.ಪಿ. ರೋಡಿನಿಂದ ಪಟ್ಟಿ ತರಿಸಿ ಹಾಕಿಕೊಟ್ಟರು. ಖರ್ಚು ಕಂಪನಿ ಹೇಳಿದ್ದರ ಹತ್ತನೇ ಒಂದು ಭಾಗವೂ ಇಲ್ಲ.

ಇದರ ಹಿಂದಿನ ಸಂಗತಿ ಸರಳ. ಸಾಮಾನ್ಯ ಎಲ್‌ಇಡಿ ಟಿವಿಯ ಹಿಂದೆ ಬಲ್ಬುಗಳನ್ನ ಸಾಲಾಗಿ ಕೂರಿಸಿದ ಪಟ್ಟಿಗಳಿರುತ್ತವೆ. ಗಣೇಶೋತ್ಸವದ ಹಳೇ ಸೀರಿಯಲ್ ಸೆಟ್ ಹಾಗೇ, ಒಂದು ಬಲ್ಬ್ ಹೋದರೆ ಅದರ ಸಾಲು ಪೂರ್ತಿ ಕತ್ತಲು, ಎಷ್ಟೋ ಸಲ ಬೋರ್ಡು ಉಳಿದ ಬೆಳಕನ್ನೂ ಕಡಿದುಹಾಕುತ್ತೆ. ಬಲ್ಬ್ ಬೇಗ ಸಾಯೋದು ಬಿಸಿಯಿಂದ. ಡಬ್ಬದಿಂದ ತೆಗೆದ ದಿನವೇ ಬ್ಯಾಕ್‌ಲೈಟನ್ನ ನೂರರಿಂದ ಅರವತ್ತರ ಸುಮಾರಿಗೆ ಇಳಿಸಿದರೆ ಅದರ ಆಯಸ್ಸು ಜಾಸ್ತಿಯಾಗುತ್ತೆ. ಶೋರೂಮಿನ ಹಾಗೆ ಕಣ್ಣು ಕುಕ್ಕಲಿ ಅಂತ ವಿವಿಡ್ ಮೋಡಿನಲ್ಲಿ ಬಿಟ್ಟವರು ಮೊದಲು ರಿಪೇರಿಗೆ ಓಡುತ್ತಾರೆ. ಪಟ್ಟಿ ಬದಲಾಯಿಸೋದು ಮಕ್ಕಳಾಟ ಅಂತ ನಾನು ಹೇಳ್ತಿಲ್ಲ. ಮುಂದಿನ ತೆಳು ಗಾಜನ್ನ ಎತ್ತಿ ಪಕ್ಕಕ್ಕಿಡಬೇಕು, ಕೈ ಜಾರಿದರೆ ಅಲ್ಲಿಗೆ ಕಥೆ ಮುಗೀತು. ಹಾಗಾಗಿಯೇ ಅದನ್ನ ಕಂಪನಿಯ ತರಬೇತಾದ ಮೆಕ್ಯಾನಿಕ್ ಮಾಡಬೇಕಿತ್ತು. ಆದರೆ ಅವನ ಬ್ಯಾಗಿನಲ್ಲಿ ಪಟ್ಟಿ ಇಲ್ಲ. ಅವನ ಕೈಗೆ ಕೊಟ್ಟಿರೋದು "ಪ್ಯಾನೆಲ್ ಹೋಗಿದೆ" ಅನ್ನೋ ಒಂದು ವಾಕ್ಯ, ಜೊತೆಗೆ ಎಕ್ಸ್‌ಚೇಂಜ್ ಆಫರಿನ ಲಿಂಕು.

ನನ್ನ ಸಿಟ್ಟು ಇರೋದು ಇಲ್ಲಿ. ಪ್ಯಾನೆಲ್ ಯಾರದ್ದೋ, ಹೆಸರು ಯಾರದ್ದೋ, ಜೋಡಿಸಿದವರು ಇನ್ಯಾರೋ ಆಗಿರುವಾಗ, ಬ್ರ್ಯಾಂಡ್ ಅನ್ನೋನು ನಮಗೆ ನಿಜವಾಗಿ ಮಾರುತ್ತಿರೋದು ಒಂದೇ: ಕೆಟ್ಟಾಗ ಬರ್ತೀನಿ ಅನ್ನೋ ಮಾತು. ಆ ಮಾತಿನ ಬಗ್ಗೆ ನಾವು ಒಂದು ಪ್ರಶ್ನೆಯನ್ನೂ ಕೇಳಲ್ಲ. ಡಾಲ್ಬಿ ವಿಷನ್ ಇದೆಯಾ, 120 ಹರ್ಟ್ಸ್ ಇದೆಯಾ ಅಂತ ಎಕ್ಸೆಲ್ ಶೀಟ್ ಮಾಡುವ ನಾವು, ಬಿಡಿಭಾಗ ಎಷ್ಟು ವರ್ಷ ಸಿಗುತ್ತೆ ಅಂತ ಒಂದು ಕಾಲಂ ಹಾಕಿದ್ದೀವಾ? ಒನ್‌ಪ್ಲಸ್ 2019ರಲ್ಲಿ ಭಾರಿ ಸದ್ದು ಮಾಡಿ ಟಿವಿ ತಂತು, 2023ರಲ್ಲಿ ಇಲ್ಲಿನ ಟಿವಿ ವ್ಯವಹಾರದಿಂದ ಹೊರಬಂತು. ನಾಲ್ಕೇ ವರ್ಷ. ಫೋನಾದರೆ ಅಷ್ಟರಲ್ಲಿ ಹಳೇದಾಗಿರುತ್ತೆ. ಗೋಡೆಗೆ ಹಾಕಿದ ಟಿವಿಗೆ ಅದು ನಡುವಯಸ್ಸೂ ಅಲ್ಲ.

"ಅಯ್ಯೋ, ಐದು ವರ್ಷಕ್ಕೆ ಹೇಗೂ ಬದಲಾಯಿಸ್ತೀವಿ ಗುರು" ಅಂತೀರಿ. ನೀವು ಬದಲಾಯಿಸ್ತೀರಿ, ನಿಮಗೆ ಇಎಂಐ ಇದೆ. ಹಳೇ ಟಿವಿ ಎಲ್ಲಿಗೆ ಹೋಗುತ್ತೆ? ಊರಿನ ಅಮ್ಮನ ಮನೆಗೆ. ಅಲ್ಲಿ ಅದು ಇನ್ನೂ ಐದು ವರ್ಷ ಓಡಬೇಕು. ಅಲ್ಲಿ ಕೆಟ್ಟರೆ ಸರ್ವಿಸ್ ಸೆಂಟರ್ 60 ಕಿಲೋಮೀಟರ್ ಆಚೆ. ಇನ್ನೊಂದು ವಾದ, ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡರಾಯ್ತಲ್ಲ ಅನ್ನೋದು. ತಗೊಳ್ಳಿ, ಆದರೆ ಅದನ್ನ ಕೊಡ್ತಿರೋದು ಟಿವಿ ಕಂಪನಿಯೋ, ಅಂಗಡಿಯೋ, ಮೂರನೇ ಪಾರ್ಟಿಯೋ ನೋಡಿ ತಗೊಳ್ಳಿ. ರಿಪೇರಿ ಆಗದಿದ್ದರೆ ಸವಕಲು ಕಳೆದು ಎಷ್ಟು ಕೊಡ್ತಾರೆ ಅನ್ನೋ ಸಣ್ಣಕ್ಷರದ ಸಾಲು ಓದಿ ತಗೊಳ್ಳಿ.

ಕಾನೂನು ಮಾಡಿದರೆ ಆಗಲ್ಲ ಅಂತೇನಿಲ್ಲ. ಯುರೋಪಿಯನ್ ಯೂನಿಯನ್ನಿನಲ್ಲಿ 2021ರ ಮಾರ್ಚ್‌ನಿಂದ ಟಿವಿಯ ಪವರ್ ಸಪ್ಲೈನಂಥ ಕೆಲವು ಬಿಡಿಭಾಗಗಳು, ಆ ಮಾಡೆಲ್ಲಿನ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ಮೇಲೂ ಏಳು ವರ್ಷ ರಿಪೇರಿಯವರಿಗೆ ಸಿಗಲೇಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಎಂಟು ವರ್ಷ. ಇಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್‌ನಲ್ಲಿ ಕಂಪನಿಗಳು ತಾವೇ ಮಾಹಿತಿ ಹಾಕಬೇಕು. ಪೋರ್ಟಲ್ ನೋಡಿ ಟಿವಿ ಕೊಂಡವರು ಯಾರಾದರೂ ನಿಮಗೆ ಗೊತ್ತಾ?

ಹಾಗಾಗಿ ಮುಂದಿನ ಸಲ ಗುಂಪಿನಲ್ಲಿ ಬೇರೆ ಪ್ರಶ್ನೆ ಹಾಕಿ. "ನಿಮ್ಮ ಟಿವಿ ಕೆಟ್ಟಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು, ಏನು ಬದಲಾಯಿಸಿದರು, ಎಷ್ಟಾಯ್ತು?" ಟಿವಿ ಕೆಡದವರು ಸುಮ್ಮನಿರಲಿ, ಅವರ ಅನುಭವ ಈ ವಿಷಯಕ್ಕೆ ಉಪಯೋಗವಿಲ್ಲ. ಅಂಗಡಿಗೆ ಹೋಗುವ ಮುಂಚೆ ಹತ್ತಿರದ ರಿಪೇರಿ ಅಂಗಡಿಗೆ ಹೋಗಿ, ಒಂದು ಕಾಫಿ ಕುಡಿಸಿ, ಯಾವ ಬ್ರ್ಯಾಂಡಿಗೆ ಪಟ್ಟಿ, ಪವರ್ ಬೋರ್ಡು ಸುಲಭವಾಗಿ ಸಿಗುತ್ತೆ ಅಂತ ಕೇಳಿ. ಯಾವ ಯೂಟ್ಯೂಬರ್‌ಗೂ ಗೊತ್ತಿರದ ಲೆಕ್ಕ ಅವರ ಬಾಯಲ್ಲಿದೆ. ಆಮೇಲೆ ಕಂಪನಿಗೆ ಒಂದು ಇಮೇಲ್: ಈ ಮಾಡೆಲ್ಲಿನ ಬ್ಯಾಕ್‌ಲೈಟ್ ಪಟ್ಟಿ ಬಿಡಿಯಾಗಿ ಕೊಡ್ತೀರಾ, ಎಷ್ಟು ವರ್ಷ ಕೊಡ್ತೀರಾ, ಪಶ್ಚಿಮ ಬೆಂಗಳೂರಿನಲ್ಲಿ ನಿಮ್ಮ ಸರ್ವಿಸ್ ಸೆಂಟರ್ ಸ್ವಂತದ್ದೋ, ಫ್ರಾಂಚೈಸಿಯೋ? ಉತ್ತರ ಬಂದರೆ ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಪಿನ್ ಮಾಡಿಡಿ. ನಾಳೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕಾಗಿ ಬಂದರೆ ಕೈಯಲ್ಲಿ ಕಾಗದ ಇರುತ್ತೆ. ಒಂದು ವಾರವಾದರೂ ಉತ್ತರ ಬರದಿದ್ದರೆ ಆ ಟಿವಿಯನ್ನ ಕಾರ್ಟಿನಿಂದ ತೆಗೆದುಹಾಕಿ.