ಕಡೆಯ ಓಟಗಾರನ ಸಾಕ್ಷ್ಯ

ಮ್ಯಾರಥಾನ್ ಎಂಬ ಹೆಸರು ನಮ್ಮ ಜನರಿಗೆ ಈಗ ಹೊಸದಲ್ಲ. ಮುಂಬಯಿಯ ಓಟವು 2004ರಲ್ಲಿಯೂ ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟವು 2008ರಲ್ಲಿಯೂ ಆರಂಭವಾದಂದಿನಿಂದ ಈ ಉತ್ಸಾಹವು ಊರಿಂದೂರಿಗೆ ಹಬ್ಬಿ, ಶ್ರೀರಂಗಪಟ್ಟಣದ ಬಳಿಯ ನಾಲೆಯ ಏರಿಯ ಮೇಲೂ ಮಲೆನಾಡಿನ ಕಾಫಿ ತೋಟಗಳ ನಡುವೆಯೂ ಜನರು ಬೆಳಕು ಹರಿಯುವ ಮುನ್ನವೇ ಎದ್ದು ಓಡುತ್ತಿದ್ದಾರೆ. ಕುರ್ಚಿಯಲ್ಲಿ ಕುಳಿತು ಮೈ ಬೆಳೆಸಿಕೊಂಡ ನೌಕರರು, ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡ ಗೃಹಿಣಿಯರು, ಅರುವತ್ತು ದಾಟಿದ ಹಿರಿಯರು, ಎಲ್ಲರೂ ಒಂದೇ ಗೆರೆಯ ಹಿಂದೆ ನಿಲ್ಲುವ ದೃಶ್ಯವು ಶ್ಲಾಘ್ಯವೇ ಸರಿ. ಇದನ್ನು ಹಳಿಯುವ ಉದ್ದೇಶವು ನಮಗೆ ಲವಲೇಶವೂ ಇಲ್ಲ. ಆದರೆ ಓಟ ಮುಗಿದ ಮೇಲೆ ಅದರ ವಿಷಯವಾಗಿ ಎರಡು ಕಥೆಗಳು ಹುಟ್ಟುತ್ತವೆ. ವ್ಯವಸ್ಥಾಪಕರು ಪತ್ರಿಕೆಗಳಿಗೆ ಕಳುಹಿಸುವ ಪ್ರಕಟನೆಯೊಂದು. ಓಡಿದವರು ಮನೆಗೆ ಹೋಗಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳುವ ಮಾತು ಇನ್ನೊಂದು. ಮೊದಲನೆಯದಕ್ಕೆ ಅಚ್ಚಿನ ಭಾಗ್ಯವುಂಟು. ಎರಡನೆಯದನ್ನು ಕೇಳುವವರೇ ಇಲ್ಲ.

ಮದುವೆಯ ಮನೆಯ ಊಟ ಹೇಗಿತ್ತೆಂದು ಮೊದಲನೆಯ ಪಂಕ್ತಿಯಲ್ಲಿ ಕುಳಿತವರನ್ನು ಕೇಳಿ ಪ್ರಯೋಜನವಿಲ್ಲ. ಕಡೆಯ ಪಂಕ್ತಿಗೆ ಹೋಳಿಗೆ ಬಂದಿತೋ, ಬರಿಯ ಸಾರು ಬಂದಿತೋ ಎಂಬುದರ ಮೇಲೆ ಯಜಮಾನನ ಹೆಸರು ನಿಂತಿದೆ. ಓಟದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಶ್ರೇಷ್ಠ ಓಟಗಾರನು 42 ಕಿಲೋಮೀಟರನ್ನು ಎರಡು ಗಂಟೆಗೆ ಸ್ವಲ್ಪ ಮೇಲಿನ ಅವಧಿಯಲ್ಲಿ ಮುಗಿಸಿ, ಬಿಸಿಲೇರುವ ಮುನ್ನವೇ ನೆರಳು ಸೇರುತ್ತಾನೆ. ಕಡೆಯವನು ಆರೇಳು ಗಂಟೆ ರಸ್ತೆಯಲ್ಲಿರುತ್ತಾನೆ. ಬಿಸಿಲು ಅವನ ಪಾಲಿಗೆ, ಖಾಲಿಯಾದ ನೀರಿನ ಮೇಜು ಅವನ ಪಾಲಿಗೆ, ಬಿಟ್ಟುಬಿಟ್ಟ ವಾಹನಗಳ ಹೊಗೆಯೂ ಅವನ ಪಾಲಿಗೆ. ಇಬ್ಬರೂ ಶುಲ್ಕ ತೆತ್ತವರೇ. ವಾಸ್ತವವಾಗಿ ಆಹ್ವಾನಿತರಾಗಿ ಬರುವ ಶ್ರೇಷ್ಠರ ಖರ್ಚನ್ನು ಎಷ್ಟೋ ವೇಳೆ ಈ ಹಿಂದಿನವರ ಶುಲ್ಕವೇ ಹೊರುವುದು.

ಓಡುವವರಿಂದ ನಾವು ಕೇಳಿರುವ ದೂರುಗಳು ದೊಡ್ಡ ರಹಸ್ಯಗಳೇನೂ ಅಲ್ಲ. ಐದು ಗಂಟೆಗೆಂದು ಸಾರಿದ ಓಟವನ್ನು ಗಣ್ಯರು ಬರುವ ತನಕ ತಡೆದು ನಿಲ್ಲಿಸುವುದು; ಸಾವಿರಾರು ಹೆಂಗಸರು ಸೇರುವ ಕಡೆ ಬೆರಳೆಣಿಕೆಯ ಶೌಚಾಲಯಗಳು, ಅವುಗಳಲ್ಲಿಯೂ ನೀರಿಲ್ಲದಿರುವುದು; ದೀರ್ಘದ ಓಟಗಾರರು ಸುಸ್ತಾಗಿ ಬರುವ ದಾರಿಗೆ ಐದು ಕಿಲೋಮೀಟರಿನ ವಿನೋದದ ಓಟದವರನ್ನು ಅಡ್ಡಲಾಗಿ ಬಿಡುವುದು; ತಿರುವಿನಲ್ಲಿ ದಾರಿ ತೋರಿಸಬೇಕಾದವರು ಇಲ್ಲದಿರುವುದು; ಚೀಲಗಳನ್ನು ಒಪ್ಪಿಸಿದ ಕಡೆ ಅವನ್ನು ಹಿಂದಕ್ಕೆ ಪಡೆಯಲು ಓಟಕ್ಕಿಂತ ಹೆಚ್ಚಿನ ತಾಳ್ಮೆ ಬೇಕಾಗುವುದು. ಇಷ್ಟರಲ್ಲಿಯೂ ಪದಕದ ತೂಕ ಮಾತ್ರ ವರ್ಷ ವರ್ಷವೂ ಹೆಚ್ಚುತ್ತ ಬಂದಿದೆ! ನಸುಕಿನಲ್ಲಿಯೇ ಬಂದು ನೀರಿನ ಲೋಟ ಹಿಡಿದು ನಿಲ್ಲುವ ಶಾಲೆಯ ಮಕ್ಕಳನ್ನು ಮಾತ್ರ ಯಾರೂ ದೂರಿದ್ದನ್ನು ನಾವು ಕೇಳಿಲ್ಲ. ಅವರ ಕೈಗೆ ಸಾಕಷ್ಟು ನೀರು ಕೊಡದವರ ಮೇಲೆ ದೂರು.

ನೀರಿನ ಲೆಕ್ಕವನ್ನೇ ನೋಡೋಣ. ಐದು ಸಾವಿರ ಜನರು ಓಡುವರೆಂದು ಸಮಿತಿಯವರು ಪ್ರತಿಯೊಂದು ಮೇಜಿನಲ್ಲಿಯೂ ಐದು ಸಾವಿರ ಲೋಟ ನೀರನ್ನು ಇಡುತ್ತಾರೆ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುವುದು. ಆದರೆ ಸೆಖೆಯ ದಿನ ಓಡುವವನು ಒಂದು ಲೋಟವನ್ನು ಕುಡಿಯುತ್ತಾನೆ, ಇನ್ನೊಂದನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಾನೆ. ಮೊದಲ ಎರಡೂವರೆ ಸಾವಿರ ಮಂದಿ ದಾಟುವಷ್ಟರಲ್ಲಿ ಮೇಜು ಬರಿದು. ಹಿಂದಿನ ಎರಡೂವರೆ ಸಾವಿರ ಮಂದಿ, ಯಾರಿಗೆ ಬಿಸಿಲು ಹೆಚ್ಚೋ ಅವರೇ, ಒದ್ದೆಯಾದ ಲೋಟಗಳ ರಾಶಿಯನ್ನು ತುಳಿದುಕೊಂಡು ಬಾಯಾರಿ ಮುಂದೆ ಹೋಗಬೇಕಾಗುವುದು.

ಇದು ಬಡದೇಶದ ದುರವಸ್ಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕೆಯ ಚಿಕಾಗೋ ನಗರದಲ್ಲಿ 2007ರ ಅಕ್ಟೋಬರ್ 7ರಂದು ಸುಮಾರು 36 ಸಾವಿರ ಮಂದಿ ಓಡಲು ಹೊರಟರು. ಅಂದು ಅಲ್ಲಿ ಎಂದಿಲ್ಲದ ಸೆಖೆ. ಉಷ್ಣಮಾನವು 31 ಡಿಗ್ರಿಯಷ್ಟಕ್ಕೆ ಏರಿತು. ಮುಂದಿನ ಸಾಲಿನಲ್ಲಿ ಕೀನ್ಯಾದ ಪ್ಯಾಟ್ರಿಕ್ ಇವುಟಿ ಎಂಬವರು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಅಂತರದಿಂದ ಗೆದ್ದರು, ಜನರು ಕುಣಿದಾಡಿದರು. ಅದೇ ವೇಳೆಗೆ ಹಿಂದಿನ ಸಾಲುಗಳಲ್ಲಿ ನೀರಿಲ್ಲವೆಂಬ ಕೂಗು ಎದ್ದಿತ್ತು. ಆರಂಭವಾಗಿ ಮೂರೂವರೆ ಗಂಟೆಯಾಗುವಷ್ಟರಲ್ಲಿ ಓಟವನ್ನೇ ನಿಲ್ಲಿಸಬೇಕಾಯಿತು. ಒಬ್ಬ ಓಟಗಾರನು ತೀರಿಕೊಂಡನು. ಹೃದಯದ ದೋಷದಿಂದಲೆಂದು ಆ ಮೇಲೆ ತಿಳಿಯಿತು. ನೂರಾರು ಮಂದಿಗೆ ಚಿಕಿತ್ಸೆ ನಡೆಯಿತು. ವ್ಯವಸ್ಥಾಪಕರು ಮೊದಲು ಹೇಳಿದುದೇನು? ನೀರು ಸಾಕಷ್ಟು ಇತ್ತೆಂದು! ಓಡಿದವರು ಅದನ್ನು ಒಪ್ಪಲಿಲ್ಲ; ಊರಿಗೆ ಊರೇ ಕೇಳುವಂತೆ ತಮ್ಮ ಅನುಭವವನ್ನು ಹೇಳಿದರು. ಫಲವಾಗಿ ಮರುವರ್ಷ ನೀರಿನ ಕೇಂದ್ರಗಳು ಹೆಚ್ಚಿದವು. ಹವೆಯು ಅಪಾಯದ ಕಡೆಗೆ ತಿರುಗಿದರೆ ಓಟಗಾರರಿಗೆ ಬಣ್ಣಗಳಿಂದ ಎಚ್ಚರಿಕೆ ಕೊಡುವ ಕ್ರಮವು ಬಂದಿತು. ಓಟಗಾರರ ದೂರು ವ್ಯವಸ್ಥಾಪಕರ ವೈರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ದೂರನ್ನು ಕೇಳದೆ ಹೋದರೆ ಏನಾಗುವುದೆಂಬುದಕ್ಕೆ ಅದೇ ದೇಶದ ಹಳೆಯ ನಿದರ್ಶನವೂ ಇದೆ. 1904ರಲ್ಲಿ ಸೇಂಟ್ ಲೂಯಿ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನ್ ಓಟವನ್ನು ಆಗಸ್ಟ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನದಲ್ಲಿ ಇಟ್ಟರು. ದಾರಿಯು ಮಣ್ಣಿನದು, ಓಟಗಾರರ ಮುಂದೆಯೂ ಹಿಂದೆಯೂ ಮೋಟಾರುಗಳು ಧೂಳೆಬ್ಬಿಸಿಕೊಂಡು ಹೋದುವು. ನೀರು ದೊರೆಯುತ್ತಿದ್ದುದು ಅಷ್ಟು ದೂರದಲ್ಲಿ ಒಂದೆರಡು ಕಡೆ ಮಾತ್ರ. ಇದು ಮರೆವಿನಿಂದಾದುದಲ್ಲ. ನೀರಿಲ್ಲದೆ ಮನುಷ್ಯನ ದೇಹ ಎಷ್ಟು ತಾಳುವುದೆಂದು ಪರೀಕ್ಷಿಸುವ ಆಸೆ ಮುಖ್ಯ ವ್ಯವಸ್ಥಾಪಕರಾದ ಜೇಮ್ಸ್ ಸಲಿವನ್ ಅವರಿಗಿತ್ತು. ಹೊರಟವರು 32 ಮಂದಿ, ಮುಟ್ಟಿದವರು 14. ವಿಲಿಯಂ ಗಾರ್ಸಿಯಾ ಎಂಬವನು ಧೂಳನ್ನು ನುಂಗಿ ಒಳಗೆ ರಕ್ತ ಸೋರಿ ದಾರಿಯಲ್ಲಿ ಬಿದ್ದು ಸಾವಿನ ಬಾಯಿಂದ ಉಳಿದನು. ಗೆದ್ದ ತಾಮಸ್ ಹಿಕ್ಸ್ ನೀರು ನೀರೆಂದು ಬೇಡಿದರೆ ಅವನ ಜೊತೆಯವರು ಬಾಯಿಯನ್ನು ಒದ್ದೆ ಮಾಡಿ, ಕುಡಿಯಲು ನೀರಿನ ಬದಲು ಮೊಟ್ಟೆಯ ಬಿಳಿಯಲ್ಲಿ ಸ್ಟ್ರಿಕ್ನೀನ್ ಎಂಬ ವಿಷವನ್ನೂ ಬ್ರಾಂದಿಯನ್ನೂ ಕೊಟ್ಟರು. ಆ ಜೊತೆಯವರಲ್ಲೊಬ್ಬರು ಆ ಮೇಲೆ ಪುಸ್ತಕ ಬರೆದು, ಇಂತಹ ಓಟದಲ್ಲಿ ಔಷಧಗಳಿಂದಾಗುವ ಉಪಕಾರವನ್ನು ಹೊಗಳಿದರು. ವ್ಯವಸ್ಥೆಯ ಕಥೆಯನ್ನು ಮಾಡಿದವರೇ ಬರೆದರೆ ಹೀಗಾಗುವುದು. ಹಿಕ್ಸನೂ ಗಾರ್ಸಿಯನೂ ಬರೆದಿದ್ದರೆ ಪುಸ್ತಕವು ಬೇರೆಯಾಗುತ್ತಿತ್ತು.

ಅಳತೆಯ ಪ್ರಶ್ನೆಗೂ ಒಂದು ಮಾತು ಸಲ್ಲಬೇಕು. ಓಡುವವನಿಗೆ ದಾರಿಯ ಉದ್ದವೆಂಬುದು ಕೊಳ್ಳುವವನಿಗೆ ಸೇರಿನ ಅಳತೆ ಇದ್ದಂತೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 2013, 2014, 2015ರ ಮೂರು ವರ್ಷಗಳೂ ದಾರಿಯು 380 ಮೀಟರು ಕಡಮೆಯಾಗಿತ್ತೆಂದು 2016ರಲ್ಲಿ ಹೊರಬಿದ್ದು, ಸುಮಾರು 24 ಸಾವಿರ ಮಂದಿಯ ಕಾಲಮಾನಗಳು ನಿರರ್ಥಕವಾದುವು. ಬ್ಯಾಂಕಾಕಿನಲ್ಲಿ 2015ರಲ್ಲಿ ಅರ್ಧ ಮ್ಯಾರಥಾನಿನವರನ್ನು ತಪ್ಪು ತಿರುವಿಗೆ ಕಳುಹಿಸಿ ಆರು ಕಿಲೋಮೀಟರು ಹೆಚ್ಚಾಗಿ ಓಡಿಸಿದರು. 21 ಕಿಲೋಮೀಟರಿಗೆ ಮೈಯನ್ನು ಸಿದ್ಧಪಡಿಸಿಕೊಂಡವನಿಗೆ ಈ ಆರು ಕಿಲೋಮೀಟರು ಬಳುವಳಿಯಲ್ಲ. ನಮ್ಮ ನಾಡಿನವರಿಗೂ ಈ ಅನುಭವ ಹಳೆಯದು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವೆರ್ಪ್ ನಗರದ ಒಲಿಂಪಿಕ್ ಮ್ಯಾರಥಾನಿನಲ್ಲಿ ಓಡಿ 19ನೆಯವರಾಗಿ ಬಂದರು; ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಅಂದಿನ ದಾರಿಯ ಉದ್ದವು 42.75 ಕಿಲೋಮೀಟರು, ಎಂದರೆ ಮರುವರ್ಷ ನಿಶ್ಚಿತವಾದ 42.195 ಕಿಲೋಮೀಟರಿಗಿಂತ 555 ಮೀಟರು ಹೆಚ್ಚು. ಆ ಕಾಲಮಾನವನ್ನು ಇಂದಿನವರ ಪಕ್ಕದಲ್ಲಿಟ್ಟು ನೋಡುವವರು ಈ ಹೆಚ್ಚಳವನ್ನು ಮರೆಯಬಾರದು. ಅಂದು ಅಳತೆ ಸ್ಥಿರವಾಗಿರಲಿಲ್ಲ. ಇಂದು ಆ ನೆಪವಿಲ್ಲ. ಸೈಕಲ್ಲಿನ ಚಕ್ರಕ್ಕೆ ಎಣಿಕೆಯ ಯಂತ್ರವನ್ನು ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ಹಾದಿ ಹಿಡಿದು ಅಳೆದು, ಕೊರತೆ ಬೀಳದಂತೆ ಕಿಲೋಮೀಟರಿಗೆ ಒಂದು ಮೀಟರನ್ನು ಹೆಚ್ಚಾಗಿ ಸೇರಿಸುವ ವಿಧಾನವು ಲೋಕಮಾನ್ಯವಾಗಿದೆ. ಮೋಟಾರು ಕಾರಿನ ಮೀಟರನ್ನು ನೋಡಿ ದಾರಿಯನ್ನು ಗೊತ್ತುಮಾಡುವ ಸಮಿತಿಗಳು ಇದನ್ನು ಕಲಿಯಲಿ.

ಇವೆಲ್ಲಕ್ಕಿಂತ ದೊಡ್ಡದು ಪ್ರಾಣದ ಪ್ರಶ್ನೆ. ಅಮೆರಿಕೆಯಲ್ಲಿ 2000ದಿಂದ 2010ರ ವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯ ಲೆಕ್ಕವನ್ನು ವೈದ್ಯರು ತೆಗೆದರು. ಹೃದಯವು ನಿಂತುಹೋದ ಪ್ರಸಂಗಗಳು 59, ಸತ್ತವರು 42. ಅಪಾಯವು ಅತಿ ವಿರಳವೆಂಬುದು ಇದರಿಂದ ಸ್ಪಷ್ಟ, ಓಟಕ್ಕೆ ಹೆದರಬೇಕಾಗಿಲ್ಲ. ಆದರೆ ಉಳಿದವರು ಉಳಿದುದು ಹತ್ತಿರವಿದ್ದವರು ತಕ್ಷಣ ಎದೆಯನ್ನು ಒತ್ತಿ, ವಿದ್ಯುತ್ತಿನ ಆಘಾತ ಕೊಡುವ ಯಂತ್ರವನ್ನು ಹಚ್ಚಿದ ಕಡೆಗಳಲ್ಲಿ. ಸೆಖೆಯ ಹೊಡೆತಕ್ಕಂತೂ ಮದ್ದು ಇನ್ನೂ ಸುಲಭ. ಮ್ಯಾಸಚೂಸೆಟ್ಸ್ ಪ್ರಾಂತದ ಫಾಲ್ಮತ್ ಎಂಬ ಊರಿನಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ಓಟದಲ್ಲಿ 18 ವರ್ಷಗಳ ಅವಧಿಯಲ್ಲಿ 274 ಮಂದಿಗೆ ಬಿಸಿಲಿನ ಹೊಡೆತವು ತಗುಲಿತು. ಅವರಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿನ ವೈದ್ಯರು ಮಾಡಿದುದಿಷ್ಟೆ: ಬಿದ್ದವನನ್ನು ಆ ಕ್ಷಣವೇ ಐಸು ಹಾಕಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು; ಮೈ ತಣಿದ ಮೇಲೆ ಆಸ್ಪತ್ರೆಯ ಮಾತು. ನಮ್ಮಲ್ಲಿ ಇದಕ್ಕೆ ವಿರುದ್ಧವಾದ ರೂಢಿ. ಬಿದ್ದವನನ್ನು ಆಂಬುಲೆನ್ಸಿಗೆ ಏರಿಸಿ, ಓಟಕ್ಕಾಗಿಯೇ ಮುಚ್ಚಿದ ರಸ್ತೆಗಳನ್ನು ಸುತ್ತಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ, ಬೆಲೆಯುಳ್ಳ ಅರ್ಧ ಗಂಟೆ ಕಳೆದಿರುತ್ತದೆ. ಒಂದು ದೊಡ್ಡ ತೊಟ್ಟಿ, ಮೀನಿನ ಮಾರುಕಟ್ಟೆಗೆ ಬರುವಂತಹ ನಾಲ್ಕು ದಿಮ್ಮಿ ಐಸು, ಅದನ್ನು ಬಲ್ಲ ಒಬ್ಬ ವೈದ್ಯ: ಇದಕ್ಕೆ ಹಣವಿಲ್ಲವೆಂದು ಯಾವ ಸಮಿತಿಯೂ ಹೇಳಲಾರದು. ಗುರಿಯ ಬಳಿಯ ಅಲಂಕಾರದ ಕಮಾನಿಗೆ ಇದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ.

ನಮ್ಮ ದೇಶದ ಶ್ರೇಷ್ಠ ಓಟಗಾರ್ತಿಗೇ ಏನಾಯಿತೆಂಬುದನ್ನು ವಾಚಕರು ಮರೆತಿರಲಾರರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಕೇರಳದ ಓ.ಪಿ. ಜೈಶಾ ಅವರು 2 ಗಂಟೆ 47 ನಿಮಿಷಗಳಲ್ಲಿ ಗುರಿಯನ್ನು ಮುಟ್ಟಿ ಅಲ್ಲಿಯೇ ಕುಸಿದರು. ದಾರಿಯಲ್ಲಿ ಬೇರೆ ದೇಶದವರ ಮೇಜುಗಳಲ್ಲಿ ಅವರವರ ಪಾನೀಯಗಳಿದ್ದುವು, ಭಾರತದ ಮೇಜಿನಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ ಎಂದು ಅವರು ಹೇಳಿದರು. ಅವರಿಗೆ ವಿಶೇಷ ಪಾನೀಯವು ಬೇಕೆ ಎಂದು ಕೇಳಿದ್ದೆವು, ಬೇಡವೆಂದಿದ್ದರು ಎಂಬುದು ಕ್ರೀಡಾ ಒಕ್ಕೂಟದವರ ಉತ್ತರ. ಸರಕಾರವು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಯಾರ ಮಾತು ಎಷ್ಟು ಸರಿಯೆಂಬ ತೀರ್ಪು ನಮ್ಮದಲ್ಲ. ಆದರೆ ಒಂದು ಶೀಶೆ ನೀರಿನ ಮಾತು ಓಟಕ್ಕೆ ಮೊದಲೇ ಕಾಗದದ ಮೇಲೆ ಬಂದು ಇಬ್ಬರ ರುಜುವೂ ಆಗಿದ್ದರೆ, ಕುಸಿದು ಬಿದ್ದ ಹೆಣ್ಣುಮಗಳು ತನ್ನ ಮಾತನ್ನು ರುಜುವಾತುಪಡಿಸಲು ಹೋರಾಡಬೇಕಾಗುತ್ತಿರಲಿಲ್ಲ.

ವ್ಯವಸ್ಥಾಪಕರ ಕಷ್ಟವನ್ನು ನಾವು ಅರಿಯದವರಲ್ಲ. ಪೋಲೀಸು, ನಗರಪಾಲಿಕೆ, ವಾಹನ ಸಂಚಾರ ಎಂದು ಹತ್ತು ಬಾಗಿಲುಗಳನ್ನು ಅವರು ತಟ್ಟಬೇಕು. ರಸ್ತೆಯನ್ನು ಮುಚ್ಚಿದರೆ ಚೌಕದಲ್ಲಿ ಸಿಕ್ಕಿಕೊಂಡ ಹಾಲಿನವನೂ ಹೆರಿಗೆಗೆ ಹೊರಟ ಮನೆಯವರೂ ಶಪಿಸುವರು. ಅವರ ದೂರೂ ನ್ಯಾಯವಾದುದೇ. ಹಾಗೆಂದು ಜನರನ್ನು ಕೂಡಿಸುವವರ ಹೊಣೆ ಕಡಮೆಯಾಗುವುದಿಲ್ಲ. ಜನಸಂದಣಿಯ ವ್ಯವಸ್ಥೆ ತಪ್ಪಿದರೆ ಏನಾಗುವುದೆಂಬುದನ್ನು ಬೆಂಗಳೂರು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಜೀವಗಳನ್ನು ಕಳೆದುಕೊಂಡು ಕಂಡಿದೆ.

ಆದುದರಿಂದ ಅನುಮತಿ ಕೊಡುವ ಅಧಿಕಾರಿಗಳವರಲ್ಲಿ ನಮ್ಮ ಬಿನ್ನಹವಿಷ್ಟೆ. ಓಟದ ಅರ್ಜಿಯ ಜೊತೆಗೆ ದಾರಿಯ ಅಳತೆಯ ಪ್ರಮಾಣಪತ್ರವನ್ನೂ, ಕಡೆಯ ಓಟಗಾರನು ದಾಟುವ ಗಳಿಗೆಯ ವರೆಗಿನ ನೀರಿನ ಲೆಕ್ಕವನ್ನೂ, ತೊಟ್ಟಿ ಮತ್ತು ಹೃದಯದ ಯಂತ್ರಗಳು ಎಲ್ಲೆಲ್ಲಿ ಇರುವುವೆಂಬ ನಕ್ಷೆಯನ್ನೂ, ಹೆಂಗಸರ ಶೌಚಾಲಯಗಳ ಸಂಖ್ಯೆಯನ್ನೂ ಕೇಳತಕ್ಕದ್ದು. ಯಾವ ಉಷ್ಣಮಾನಕ್ಕೆ ಓಟವನ್ನು ನಿಲ್ಲಿಸಲಾಗುವುದು, ನಿಲ್ಲಿಸುವ ಅಧಿಕಾರ ಯಾರದು ಎಂಬುದನ್ನು ಮೊದಲೇ ಬರೆದುಕೊಡತಕ್ಕದ್ದು. ಆ ಅಧಿಕಾರವು ವೈದ್ಯನದಾಗಿರಬೇಕೇ ಹೊರತು ಜಾಹೀರಾತು ಕೊಟ್ಟವರದಲ್ಲ. ಓಟ ಮುಗಿದ ಹದಿನೈದು ದಿನಗಳೊಳಗೆ ಓಡಿದವರ ಅನುಭವಗಳನ್ನು, ಅದರಲ್ಲಿಯೂ ಹಿಂದಿನ ಸಾಲಿನವರನ್ನು, ಕೇಳಿ ತಿಳಿದು ವರದಿಯನ್ನು ಪ್ರಕಟಿಸಲಿ. ಅದರಲ್ಲಿ ಗೆದ್ದವರ ಹೆಸರುಗಳ ಕೆಳಗೆ, ಕಡೆಯವರು ಗುರಿ ಮುಟ್ಟಿದಾಗ ಗಂಟೆ ಎಷ್ಟಾಗಿತ್ತು, ಆಗ ಕೊನೆಯ ಮೇಜಿನ ಮೇಲೆ ನೀರು ಎಷ್ಟು ಉಳಿದಿತ್ತು ಎಂಬುದೂ ಇರಲಿ.