ಪುಡಿ ಕಳಿಸಬೇಡಿ, ಹೆಸರು ಕಳಿಸಿ

ಜುಲೈ ಬಂತು ಅಂದ್ರೆ ನಮ್ಮ ಯಡಿಯೂರಿನಲ್ಲಿ ಯಾವ ಬೀದಿಗೆ ಹೋದ್ರೂ ಮೆಣಸಿನಕಾಯಿ ಹುರಿಯೋ ಘಾಟು. ಹಬ್ಬಕ್ಕಲ್ಲ. ಮಕ್ಕಳು ಓದೋದಕ್ಕೆ ಹೊರದೇಶಕ್ಕೆ ಹೊರಟಿರ್ತಾರೆ. ಸಾರಿನಪುಡಿ ಎರಡು ಕೆಜಿ, ಹುಳಿಪುಡಿ ಎರಡು ಕೆಜಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಮೇಲೆ ಒಂದು ಡಬ್ಬಿ ಉಪ್ಪಿನಕಾಯಿ. 23 ಕೆಜಿಯ ಪೆಟ್ಟಿಗೇಲಿ ಸ್ವೆಟರಿಗೆ ಜಾಗ ಇಲ್ಲ, ಪುಸ್ತಕಕ್ಕೆ ಜಾಗ ಇಲ್ಲ. ಕೇಳಿದ್ರೆ "ಪಾಪ, ಅಲ್ಲಿ ಏನೂ ಸಿಗಲ್ವಲ್ಲ ಕಣೇ" ಅಂತಾರೆ.

ನಾನು ಹೇಳೋದು ಕೆಲವರಿಗೆ ಸಿಟ್ಟು ತರಿಸುತ್ತೆ, ತರಿಸಲಿ. ಈ ಪುಡಿ ಕಳಿಸೋ ಪದ್ಧತಿ ನಿಲ್ಲಿಸಬೇಕು. ಇದು ಪ್ರೀತಿ ಅಂತ ನಾವು ಅಂದ್ಕೊಂಡಿದೀವಿ. ನಿಜವಾಗಿ ಇದು ಮಕ್ಕಳನ್ನ ನಮ್ಮ ಡಬ್ಬಿಗೆ ಕಟ್ಟಿಹಾಕೋದು.

ಮೊದಲನೇದು, "ಏನೂ ಸಿಗಲ್ಲ" ಅನ್ನೋದೇ ಸುಳ್ಳು. ಅಮೆರಿಕದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ಷಿಕಾಗೋದಲ್ಲಿ ಶುರುವಾಗಿದ್ದು 1974ರಲ್ಲಿ. ಇವತ್ತಿಗೆ ಐವತ್ತು ವರ್ಷ ದಾಟಿತು. ಸಿಗುತ್ತೆ, ಆದ್ರೆ ನಮ್ಮ ಹೆಸರಲ್ಲಿ ಸಿಗಲ್ಲ. ಅಂಗಡಿ ಗುಜರಾತಿಯವರದ್ದು, ಚೀಲದ ಮೇಲೆ ಹೆಸರು ಗುಜರಾತಿ, ಹಿಂದಿ, ಇಂಗ್ಲಿಷಿನಲ್ಲಿ. ನಮ್ಮ ಹುಡುಗರಿಗೆ ಹುರುಳಿಕಾಳನ್ನ ಅಲ್ಲಿ ಕುಲ್ತಿ ಅಂತಾರೆ ಅಂತ ಗೊತ್ತಿಲ್ಲ. ಎದುರಿಗೇ ಇದ್ರೂ ದಾಟಿಕೊಂಡು ಬರ್ತಾರೆ, ಮನೆಗೆ ಫೋನ್ ಮಾಡಿ "ಸಿಗಲಿಲ್ಲಮ್ಮಾ" ಅಂತಾರೆ. ನಾವು ಇಲ್ಲಿ ಕಣ್ಣೀರು ಹಾಕ್ತೀವಿ.

ಅವರೆಕಾಳನ್ನೇ ತಗೊಳ್ಳಿ. ಚಳಿಗಾಲದಲ್ಲಿ ವಿ.ವಿ. ಪುರಂ ಅವರೆಬೇಳೆ ಮೇಳದ ಫೋಟೋ ನೋಡಿ ಹೊರಗಿರೋ ಮಕ್ಕಳು ಎಷ್ಟು ಸಂಕಟ ಪಡ್ತಾರೆ. ಅಲ್ಲಿನ ಅಂಗಡಿ ಫ್ರೀಜರಿನಲ್ಲಿ "ಸುರ್ತಿ ಪಾಪ್ಡಿ ಲಿಲ್ವಾ" ಅಂತ ಪ್ಯಾಕೆಟ್ ಇರುತ್ತೆ. ಅದು ಅವರೆಕಾಳೇ ಕಣ್ರೀ. ಬಿಸಿನೀರಲ್ಲಿ ನೆನೆಸಿ ಹಿತಕಿದ್ರೆ ಬೇಳೆ ಆಚೆ ಬರುತ್ತೆ. ಬರೀ "ಲಿಲ್ವಾ" ಅನ್ನೋದು ನೋಡಿ ಕೈಹಾಕಬಾರದು ಅಷ್ಟೆ. "ತುವರ್ ಲಿಲ್ವಾ" ಅಂದ್ರೆ ಹಸಿ ತೊಗರಿಕಾಳು. ಸೊಗಡು ಇರಲ್ಲ, ಒಪ್ತೀನಿ. ಮಾಗಡಿ ಕಡೆಯ ಅವರೆಕಾಯಿ ಸೊಗಡು ಫ್ರೀಜರಿನಲ್ಲಿ ಎಲ್ಲಿಂದ ಬರ್ಬೇಕು? ಆದ್ರೆ ಉಪ್ಪಿಟ್ಟಿಗೆ ಹಾಕಿದ್ರೆ ಅವರೆಕಾಳು ಉಪ್ಪಿಟ್ಟೇ ಆಗುತ್ತೆ.

ಹುರಿಗಡಲೆದು ಇನ್ನೊಂದು ತಮಾಷೆ. ಗುಜರಾತಿಯವರು ಅದನ್ನ ದಾಳಿಯಾ ಅಂತಾರೆ, ಹಿಂದಿಯವರಿಗೆ ದಲಿಯಾ ಅಂದ್ರೆ ಗೋಧಿನುಚ್ಚು. ಚಟ್ನಿಗೆ ಅಂತ ಹೋದ ಮಗು ನುಚ್ಚು ತಂದ್ಕೊಂಡ್ರೆ ತಪ್ಪು ಯಾರದ್ದು? ಹೆಸರು ಹೇಳಿಕೊಡದ ಮನೆಯವರದ್ದು.

ಇನ್ನು ಇಂಡಿಯನ್ ಅಂಗಡಿಯೇ ಇಲ್ಲದ ಊರು. ಅಲ್ಲೂ ಸಿಗುತ್ತೆ. ಸಬ್ಬಸಿಗೆ ಸೊಪ್ಪು ಯುರೋಪಿನ ಸೂಪರ್ ಮಾರ್ಕೆಟ್ಟಿನಲ್ಲಿ ಡಿಲ್ ಅನ್ನೋ ಹೆಸರಲ್ಲಿ ಸಿಗುತ್ತೆ. ಅವರು ಮೀನಿಗೆ ಹಾಕ್ತಾರೆ, ನಾವು ಅಕ್ಕಿರೊಟ್ಟಿಗೆ ಹಾಕೋಣ. ಸೀಮೆಬದನೆಕಾಯಿ ಮೆಕ್ಸಿಕೋದವರ ಅಂಗಡೀಲಿ ಚಯೋಟೆ. ಅಲಸಂದೆಕಾಳು ಅಮೆರಿಕದ ಸಾಮಾನ್ಯ ಅಂಗಡೀಲೇ ಬ್ಲ್ಯಾಕ್ ಐಡ್ ಪೀಸ್. ದಂಟಿನಸೊಪ್ಪು, ಕೆಸವಿನಗೆಡ್ಡೆ ಚೀನಾದವರ ಅಂಗಡೀಲಿ. ಉಪ್ಪಿಟ್ಟಿನ ರವೆ ಇಲ್ವಾ? ಕ್ರೀಮ್ ಆಫ್ ವೀಟ್ ಅನ್ನೋದು ಗೋಧಿರವೆನೇ, ಹುರಿದುಕೊಂಡ್ರೆ ಆಯ್ತು. ಬ್ಯಾಡಗಿ ಮೆಣಸಿನಕಾಯಿ ಸಿಗದಿದ್ರೆ ಬಣ್ಣಕ್ಕೆ ಪ್ಯಾಪ್ರಿಕಾ, ಖಾರಕ್ಕೆ ಬೇರೆ ಮೆಣಸಿನಕಾಯಿ.

"ಅಯ್ಯೋ, ಅದೆಲ್ಲ ನಮ್ಮದಲ್ಲ, ಬದಲಿ ಸಾಮಾನು" ಅಂತ ಮೂಗು ಮುರೀಬೇಡಿ. ಸೀಮೆಬದನೆ ಅನ್ನೋ ಹೆಸರಲ್ಲೇ ಸೀಮೆ ಇದೆ. ಹುಟ್ಟಿದ್ದು ಮೆಕ್ಸಿಕೋ ಕಡೆ. ಮೆಣಸಿನಕಾಯಿ ಬಂದಿದ್ದೇ ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಮುಂಚೆ ಸಾರಿನ ಖಾರಕ್ಕೆ ಕಾಳುಮೆಣಸೇ ಗತಿ. ನಾವು ಎದೆ ತಟ್ಟಿಕೊಂಡು ಹೇಳೋ ರವೆಇಡ್ಲಿ? ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಮಾಡಿದ್ದು ಅಂತ ಎಂ.ಟಿ.ಆರ್.ನವರೇ ಹೇಳ್ತಾರೆ. ಇಲ್ಲದ ಕಾಲದಲ್ಲಿ ಇದ್ದಿದ್ರಲ್ಲಿ ಮಾಡಿದ್ದೇ ಇವತ್ತು ನಮ್ಮ ಹೆಮ್ಮೆ. ಲಾಲ್‌ಬಾಗಿನ ಹತ್ತಿರ ಮಾಡಿದ್ರೆ ಜಾಣತನ, ಲಂಡನ್ನಿನಲ್ಲಿ ಮಾಡಿದ್ರೆ ಬದಲಿ ಸಾಮಾನಾ?

ಎರಡನೇದು ಕಾನೂನು. ಇದನ್ನ ತಮಾಷೆಯಾಗಿ ತಗೋಬೇಡಿ. ಗಸಗಸೆ ದುಬೈಗೂ ಸಿಂಗಪುರಕ್ಕೂ ಒಯ್ಯೋ ಹಾಗಿಲ್ಲ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಎಷ್ಟೋ ಮನೆಗಳಲ್ಲಿ ಬಿಸಿಬೇಳೆಬಾತಿನ ಪುಡಿಗೆ ಗಸಗಸೆ ಹಾಕ್ತೀವಿ, ಆಮೇಲೆ ಅದು ಕಣ್ಣಿಗೆ ಕಾಣಲ್ಲ. ಪರೀಕ್ಷೆ ಮಾಡಿದ್ರೆ ಸಿಗುತ್ತೆ. ಆಗ ಏರ್‌ಪೋರ್ಟಿನಲ್ಲಿ ನಿಲ್ಲೋದು ನಿಮ್ಮ ಮಗು, ನೀವಲ್ಲ. ಹಸಿ ಕರಿಬೇವು ಅಮೆರಿಕಕ್ಕೆ ಒಯ್ಯೋ ಹಾಗಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡೋ ಹುಳ ಅದರ ಜೊತೆ ಹೋಗುತ್ತೆ, ಫ್ಲಾರಿಡಾದ ಕಿತ್ತಳೆ ತೋಟಗಳು ಆ ರೋಗದಿಂದಲೇ ಹಾಳಾಗಿವೆ. ಆಸ್ಟ್ರೇಲಿಯಾದಲ್ಲಿ ತಿನ್ನೋ ಸಾಮಾನು ಏನಿದ್ರೂ ಫಾರಂನಲ್ಲಿ ಬರೀಬೇಕು. ನ್ಯೂಜಿಲೆಂಡಿನಲ್ಲಿ ಹೇಳದೆ ಒಯ್ದು ಸಿಕ್ಕಿಬಿದ್ರೆ ಸ್ಥಳದಲ್ಲೇ 400 ಡಾಲರ್ ದಂಡ, ಅವರ ಡಾಲರಿನಲ್ಲಿ. "ಬಟ್ಟೆ ಮಧ್ಯೆ ಇಡು, ಯಾರೂ ನೋಡಲ್ಲ" ಅಂತ ಹೇಳಿಕೊಡೋ ಅಕ್ಕಂದಿರೇ, ಮಗುಗೆ ಊಟ ಕೊಡ್ತಿದೀರೋ ಕಳ್ಳತನ ಕಲಿಸ್ತಿದೀರೋ?

ಮೂರನೇದು ಎಲ್ಲಕ್ಕಿಂತ ದೊಡ್ಡದು. ಲೆಕ್ಕ ಹಾಕಿ ನೋಡಿ, ಹೆಚ್ಚು ಪುಡಿ ಹೋಗೋದು ಯಾರಿಗೆ? ಮಗನಿಗೆ. ಮಗಳಿಗಾದ್ರೆ ಹೊರಡೋ ಮುಂಚೆ ಒಂದು ತಿಂಗಳು ಅಡುಗೆಮನೇಲಿ ನಿಲ್ಲಿಸಿ ಕಲಿಸ್ತೀವಿ. ಮಗನಿಗೆ ಡಬ್ಬಿ ಕಟ್ತೀವಿ, ಡಬ್ಬಿ ಮುಗಿದ್ರೆ ಇನ್ನೊಂದು, ಕೊನೆಗೆ "ಮದುವೆ ಮಾಡಿದ್ರೆ ಊಟದ ಯೋಚನೆ ತಪ್ಪುತ್ತೆ" ಅಂತೀವಿ. ಬರೋ ಹುಡುಗಿ ಅಲ್ಲಿ ಕೆಲಸಕ್ಕೂ ಹೋಗ್ಬೇಕು, ಇವನ ನಾಲಿಗೆಗೆ ನಮ್ಮ ಮನೆ ಸಾರೂ ಮಾಡ್ಬೇಕು. ಅವಳಿಗೆ ಆಗದಿದ್ರೆ ಅರವತ್ತು ವರ್ಷದ ಅಮ್ಮ ಮಂಡಿನೋವು ಇಟ್ಕೊಂಡು ವಿಮಾನ ಹತ್ತಿ ಹೋಗಿ ಆರು ತಿಂಗಳು ಒಲೆ ಮುಂದೆ ನಿಲ್ಬೇಕು. ನಮ್ಮ ಸುತ್ತಮುತ್ತ ಇಂಥವರು ಇಲ್ವಾ?

"ಅಮ್ಮನ ಕೈರುಚಿ ಬೇಡ್ವೇನೇ" ಅಂತ ಕೇಳ್ತೀರಿ. ಬೇಕು, ಅದಕ್ಕೇ ಹೇಳ್ತಿರೋದು. ಕೈರುಚಿ ಡಬ್ಬಿಯಲ್ಲಿಲ್ಲ. ಧನಿಯ ಎಷ್ಟು ಕೆಂಪಗಾಗ್ಬೇಕು, ಮೆಂತ್ಯ ಯಾವ ವಾಸನೆಗೆ ಇಳಿಸ್ಬೇಕು, ಇದು ತಿಳಿದೋರು ಎಲ್ಲಿದ್ರೂ ಮಾಡ್ಕೋತಾರೆ. ಪುಡಿ ಆರು ತಿಂಗಳಿಗೆ ಘಮ ಕಳ್ಕೊಳ್ಳುತ್ತೆ, ಕಲಿತಿದ್ದು ಹೋಗಲ್ಲ. ಸಮಯ ಇಲ್ಲ ಅನ್ನೋ ಮಾತೂ ಸರಿಯಲ್ಲ. ನೂರು ಗ್ರಾಂ ಸಾರಿನಪುಡಿ ಹುರಿದು ಮಿಕ್ಸಿಗೆ ಹಾಕೋಕೆ ಅರ್ಧ ಗಂಟೆ ಸಾಕು, ಒಬ್ಬರಿಗೆ ವಾರಗಟ್ಟಲೆ ಬರುತ್ತೆ.

ಹೊರಡೋ ದಿನ ಒಂದು ಪುಟ್ಟ ಡಬ್ಬಿ ಕೊಡಿ, ಬೇಡ ಅನ್ನಲ್ಲ. ಮೊದಲ ವಾರಕ್ಕೆ ಬೇಕು. ಅದರ ಜೊತೆ ಒಂದು ನೋಟ್‌ಬುಕ್ ಕೊಡಿ. ಎಡಗಡೆ ನಮ್ಮ ಹೆಸರು, ಬಲಗಡೆ ಅಂಗಡಿ ಹೆಸರು: ಅವಲಕ್ಕಿ ಪೋಹಾ, ಸಬ್ಬಕ್ಕಿ ಸಾಬೂದಾನ, ಮಂಡಕ್ಕಿ ಮುಮ್ರಾ, ಎಳ್ಳು ತಿಲ್. ಕೆಳಗೆ ಪುಡಿಯ ಅಳತೆ, ಗ್ರಾಮಿನಲ್ಲಿ. "ಒಂದು ಹಿಡಿ" ಅಂತ ಬರೀಬೇಡಿ, ಹಿಡಿ ನಿಮ್ಮದು, ಅವರದ್ದಲ್ಲ. ಆಷಾಢದಲ್ಲಿ ಹೇಗೂ ಶುಭಕಾರ್ಯ ಇರಲ್ಲ. ಆ ತಿಂಗಳು ಮಗನನ್ನ ಒಲೆ ಮುಂದೆ ನಿಲ್ಲಿಸಿ. ನಾಲ್ಕು ಸಲ ಸೀಯಿಸಲಿ, ಐದನೇ ಸಲ ಬರುತ್ತೆ.